ಹಸುವಿನ ಬಾಯಿಗೆ ಹಾಕಿದ ಕೈ

ಆಷಾಢದ ಮಳೆ ಹಿಡಿದುಕೊಂಡಿದ್ದ ಒಂದು ಶನಿವಾರದ ಸಂಜೆ ನಮ್ಮ ಗೌರಿ ಕಲಗಚ್ಚಿನ ಬಾನಿಗೆ ಮೂತಿ ಇಟ್ಟು, ಒಂದು ಗುಟುಕೂ ಕುಡಿಯದೆ ತಲೆಯನ್ನು ಹಿಂದಕ್ಕೆ ಎಳೆದುಕೊಂಡಿತು. ಬೂಸಾ ಕಲಸಿಟ್ಟರೆ ಮೂಸಿ ನೋಡಿತೇ ಹೊರತು ಬಾಯಿ ಹಾಕಲಿಲ್ಲ. ಬಾಯಿಯ ಎರಡೂ ಕಡೆಯಿಂದ ಜೊಲ್ಲು ನೂಲಿನಂತೆ ಇಳಿದು ಗೊಂತಿನ ಮೇಲೆ ಬೀಳುತ್ತಿತ್ತು. ಆ ದಿನ ಬೆಳಿಗ್ಗೆಯಷ್ಟೇ ಮನೆಯಲ್ಲಿ ಎರಡು ಹಲಸಿನ ಹಣ್ಣು ಬಿಡಿಸಿ, ಸಿಪ್ಪೆಯನ್ನೂ ದಿಂಡನ್ನೂ ಅದರ ಮುಂದೆ ಹಾಕಿದ್ದೆವು. ಹಲಸಿನ ಕಾಲದಲ್ಲಿ ನಮ್ಮ ಕಡೆಯ ದನಗಳ ಗಂಟಲಲ್ಲಿ ಬೀಜವೋ ದಿಂಡೋ ಸಿಕ್ಕಿಕೊಳ್ಳುವುದು ಹೊಸ ಸಂಗತಿಯೇನಲ್ಲವಾದ್ದರಿಂದ, ಅತ್ತೆಯವರು ‘ಗಂಟಲಿಗೆ ಏನೋ ಸಿಕ್ಕಾಕೊಂಡೈತೆ ಕಣಮ್ಮ’ ಎಂದಾಗ ಮನೆಯಲ್ಲಿ ಯಾರಿಗೂ ಬೇರೆ ಅನುಮಾನ ಬರಲಿಲ್ಲ.

ನಮ್ಮ ಮನೆ ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಕಡೆ. ಮೂರೂವರೆ ಎಕರೆ ಕಾಫಿ, ಅದರ ನಡುವೆ ಮೆಣಸಿನ ಬಳ್ಳಿ, ಮನೆಗೆ ಆಗಿ ಮಿಕ್ಕದ್ದನ್ನು ಡೈರಿಗೆ ಹಾಕುವಷ್ಟು ಹಾಲು ಕೊಡುವ ಒಂದು ಜರ್ಸಿ ಮಿಶ್ರತಳಿಯ ಹಸು, ಅದರ ಮೂರು ತಿಂಗಳ ಹೆಣ್ಣು ಕರು. ನಾನು ಪಕ್ಕದ ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆಯವರು ತೋಟ ನೋಡಿಕೊಳ್ಳುತ್ತಾರೆ.

ಭಾನುವಾರ ಬೆಳಿಗ್ಗೆಯೂ ಜೊಲ್ಲು ನಿಂತಿರಲಿಲ್ಲ. ಬಿದಿರಿನ ಗೊಟ್ಟದಲ್ಲಿ ಹರಳೆಣ್ಣೆ ಹಾಕಿ ಕುಡಿಸಲು ನೋಡಿದೆವು. ಎಣ್ಣೆಯೆಲ್ಲ ಗಂಟಲಿಗೆ ಇಳಿಯದೆ ಹೊರಕ್ಕೆ ಚೆಲ್ಲಿತು. ಆಗ ಮನೆಯವರು ಮೂಗುದಾರ ಹಿಡಿದು ತಲೆಯನ್ನು ಎತ್ತಿದರು. ನನ್ನ ಕೈ ಸಣ್ಣದು ಎಂಬ ಕಾರಣಕ್ಕೆ ನಾನೇ ಬಳೆ ತೆಗೆದಿಟ್ಟು, ಬಲಗೈಯನ್ನು ಅದರ ನಾಲಿಗೆಯ ಪಕ್ಕದಿಂದ ಒಳಕ್ಕೆ ಹಾಕಿದೆ. ಒಳಗೆ ಬಿಸಿಯಾಗಿ, ಲೋಳೆಯಾಗಿ ಇತ್ತು. ಬೆರಳು ತಗಲಿದರೆ ಸಾಮಾನ್ಯವಾಗಿ ನುಂಗಲು ನೋಡುವ ಗಂಟಲು ಅಂದು ಅಲುಗಲೇ ಇಲ್ಲ ಎಂಬುದು ಈಗ ನೆನಪಾಗುತ್ತದೆ. ಆಗ ಅದರ ಅರ್ಥ ಹೊಳೆಯಲಿಲ್ಲ. ಏನೂ ಸಿಗಲಿಲ್ಲ. ಕೈ ಹೊರಕ್ಕೆ ತೆಗೆಯುವಷ್ಟರಲ್ಲಿ ಗೌರಿ ದವಡೆ ಆಡಿಸಿತು. ಹಿಂದಿನ ಹಲ್ಲಿನ ಅಂಚು ತೋರುಬೆರಳಿನ ಗೆಣ್ಣಿನ ಮೇಲೆಯೂ ಮುಂಗೈಯ ಮೇಲೆಯೂ ಉಜ್ಜಿ ಹೋಯಿತು. ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಚರ್ಮ ಎದ್ದು, ಅದರಡಿಯಲ್ಲಿ ರಕ್ತ ಒಂದು ಚುಕ್ಕೆಯಾಗಿ ನಿಂತಿತು. ಮುಂಗೈಯ ಮೇಲೆ ಎರಡು ಅಂಗುಲ ಉದ್ದದ ಕೆಂಪು ಗೆರೆ. ಮಳೆನೀರಿನ ತೊಟ್ಟಿಯಲ್ಲಿ ಕೈ ಅದ್ದಿ ತೊಳೆದು, ಅರಿಶಿನ ಮೆತ್ತಿಕೊಂಡು, ಮಧ್ಯಾಹ್ನದ ಅಡುಗೆಗೆ ಹೋದೆ.

ಆ ರಾತ್ರಿ ಗೌರಿಯ ಕೂಗು ಬದಲಾಯಿತು. ಕರುವನ್ನು ಕರೆಯುವ ಅದರ ದನಿ ಮನೆಮಂದಿಗೆಲ್ಲ ಗೊತ್ತು. ಈ ದನಿ ಹಾಗಿರಲಿಲ್ಲ. ಒಡೆದ ಕೊಂಬನ್ನು ಊದಿದಂತೆ ಒರಟಾಗಿ, ನಡುವೆ ತುಂಡಾಗುತ್ತ, ಬೆಳಗಿನವರೆಗೆ ಬಿಟ್ಟುಬಿಟ್ಟು ಕೇಳಿಸಿತು. ಸೋಮವಾರ ಬೆಳಿಗ್ಗೆ ಬಂದ ಪಶುವೈದ್ಯರು ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟರು. ಹಸುವಿನ ಹಿಂಗಾಲು ತೂರಾಡುವುದನ್ನೂ, ಸೆಗಣಿ ಹಾಕುವಂತೆ ಬೆನ್ನು ಬಾಗಿಸಿ ತಿಣುಕುವುದನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ‘ಈ ಎರಡು ಮೂರು ತಿಂಗಳಲ್ಲಿ ಇದಕ್ಕೆ ನಾಯಿ ಏನಾದರೂ ಕಚ್ಚಿತ್ತಾ ಮೇಡಂ?’ ಎಂದು ಕೇಳಿದರು.

ಕಚ್ಚಿತ್ತು. ಸುಮಾರು ಒಂದೂವರೆ ತಿಂಗಳ ಹಿಂದೆ ಕೆರೆ ಏರಿಯ ಮೇಲೆ ಮೇಯುತ್ತಿದ್ದಾಗ ಎಲ್ಲಿಂದಲೋ ಬಂದ ಒಂದು ಬೀದಿನಾಯಿ ಗೌರಿಯ ಮೂತಿಗೆ ಬಾಯಿ ಹಾಕಿ ಓಡಿಹೋಗಿತ್ತು. ಸುಣ್ಣ, ಅರಿಶಿನ ಹಚ್ಚಿದ್ದೆವು. ನಾಲ್ಕು ದಿನದಲ್ಲಿ ಗಾಯ ಒಣಗಿತು, ನಾವೂ ಮರೆತೆವು. ನಾಯಿ ಕಚ್ಚಿದ ದನಕ್ಕೂ ಮನುಷ್ಯರಿಗೆ ಹಾಕುವಂತೆಯೇ ದಿನಗಳ ಲೆಕ್ಕದಲ್ಲಿ ಲಸಿಕೆ ಹಾಕಿಸಬೇಕೆಂದು ಇಷ್ಟು ವರ್ಷ ದನ ಸಾಕಿದ ನಮ್ಮ ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ದಿನವೇ ಗಾಯವನ್ನು ಸೋಪಿನಿಂದ ತೊಳೆದು, ಪಶು ಆಸ್ಪತ್ರೆಗೆ ಒಂದು ಮಾತು ಹೇಳಿದ್ದರೆ ಗೌರಿ ಉಳಿಯಬಹುದಾಗಿತ್ತು.

ಪಶುವೈದ್ಯರ ಎರಡನೆಯ ಪ್ರಶ್ನೆ, ‘ಬಾಯಿಗೆ ಯಾರಾದರೂ ಕೈ ಹಾಕಿದಿರಾ?’ ಎಂಬುದು. ನಾನು ಮಾತಾಡದೆ ಕೈ ಮುಂದೆ ಚಾಚಿದೆ. ಅವರು ಗೆಣ್ಣನ್ನೂ ಮುಂಗೈಯನ್ನೂ ನೋಡಿದರು. ‘ಮೊದಲು ನಲ್ಲಿ ಕೆಳಗೆ ಹೋಗಿ ಈ ಕೈ ತೊಳೀರಿ, ಕಾಲು ಗಂಟೆ, ಗಡಿಯಾರ ನೋಡಿಕೊಂಡು ತೊಳೀರಿ’ ಎಂದರು. ಒಂದು ದಿನ ಕಳೆದಿದೆಯಲ್ಲ ಎಂದರೆ, ಕಳೆದಿದ್ದರೂ ತೊಳೆಯಬೇಕು ಎಂದರು.

ಹದಿನೈದು ನಿಮಿಷ ಎನ್ನುವುದು ಕೈ ತೊಳೆಯುವವರಿಗೆ ಎಷ್ಟು ದೀರ್ಘವೆಂದು ಅಂದು ತಿಳಿಯಿತು. ಮೈಸೋಪಿನ ಬಿಲ್ಲೆ ಹಿಡಿದು ಉಜ್ಜಿ, ಹರಿಯುವ ನೀರಿಗೆ ಹಿಡಿದು, ಮತ್ತೆ ಉಜ್ಜಿ, ಸಾಕೆಂದು ತಲೆಯೆತ್ತಿದರೆ ನಾಲ್ಕು ನಿಮಿಷವಷ್ಟೇ ಆಗಿತ್ತು. ಅರಿಶಿನದ ಹಳದಿ ಪೂರ್ತಿ ಹೋಗಿ, ಗೆಣ್ಣಿನ ಮೇಲಿನ ಸತ್ತ ಚರ್ಮ ಬೆಳ್ಳಗೆ ನೆನೆದು, ಒಳಗಿನ ಕೆಂಪು ಮತ್ತೆ ಕಂಡಿತು. ರೇಬೀಸ್ ವೈರಸ್ಸಿನ ಮೇಲೆ ಕೊಬ್ಬಿನ ಒಂದು ಹೊದಿಕೆ ಇರುತ್ತದೆ. ಸೋಪು ಅದನ್ನು ಕರಗಿಸಿ ವೈರಸ್ಸನ್ನು ಕೆಡಿಸುತ್ತದೆ. ನರಕ್ಕೆ ಸೇರುವ ಮೊದಲು ಅದನ್ನು ಚರ್ಮದ ಮಟ್ಟದಲ್ಲೇ ಕಡಿಮೆ ಮಾಡುವ ಉಪಾಯ ಇದಕ್ಕಿಂತ ಸುಲಭದ್ದು ಇಲ್ಲ, ಅದಕ್ಕೆ ಆಸ್ಪತ್ರೆಯೂ ಬೇಕಿಲ್ಲ. ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಸೊಪ್ಪಿನ ರಸ ಇವುಗಳಲ್ಲಿ ಯಾವುದೂ ಈ ಕೆಲಸ ಮಾಡುವುದಿಲ್ಲ. ಉರಿಯುವ ವಸ್ತುವನ್ನು ಗಾಯಕ್ಕೆ ಉಜ್ಜಿದರೆ ಹಸಿ ಮಾಂಸ ಇನ್ನಷ್ಟು ಕೆದಕಿ, ವೈರಸ್ಸು ಒಳಗೆ ಹೋಗಲು ದಾರಿಯಾಗುತ್ತದೆ.

ಪಶುವೈದ್ಯರು ಒಂದು ಚೀಟಿಯಲ್ಲಿ ಹಸುವಿನ ಲಕ್ಷಣಗಳನ್ನೂ ‘ರೇಬೀಸ್ ಶಂಕೆ’ ಎಂಬುದನ್ನೂ ಬರೆದು ಸಹಿ ಹಾಕಿ ಕೊಟ್ಟರು. ಈ ಚೀಟಿಯ ಬೆಲೆ ಅದೇ ದಿನ ಮಧ್ಯಾಹ್ನ ತಿಳಿಯಿತು. ನಾವು ಮೊದಲು ಹೋದದ್ದು ಹತ್ತಿರದಲ್ಲಿದ್ದ ಒಂದು ಚಿಕಿತ್ಸಾಲಯಕ್ಕೆ. ಅಲ್ಲಿದ್ದವರು ನನ್ನ ಕೈ ನೋಡಿ, ‘ಹಸು ತಾನೇ, ನಾಯಿ ಅಲ್ಲವಲ್ಲ’ ಎಂದು ಧನುರ್ವಾಯುವಿನ ಚುಚ್ಚುಮದ್ದು ಹಾಕಿ, ಮುಲಾಮು ಬರೆದುಕೊಟ್ಟರು. ಚೀಟಿಯನ್ನು ತೋರಿಸಿದಾಗ ಓದಿ ಹಿಂದಿರುಗಿಸಿ, ‘ಹಸುವಿನ ಪರೀಕ್ಷೆಯ ವರದಿ ಬರಲಿ, ಆಮೇಲೆ ನೋಡೋಣ’ ಎಂದರು. ಒಳಗೊಳಗೆ ನನಗೂ ಅದನ್ನೇ ನಂಬಬೇಕೆನಿಸಿತು. ಧನುರ್ವಾಯುವಿನ ಚುಚ್ಚುಮದ್ದು ಬೇಕಾದದ್ದೇ, ಅದರಲ್ಲಿ ತಪ್ಪಿರಲಿಲ್ಲ. ಆದರೆ ಅದಕ್ಕೂ ರೇಬೀಸಿಗೂ ಸಂಬಂಧವಿಲ್ಲ, ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ. ಮನೆಗೆ ಬಂದು ಪಶುವೈದ್ಯರಿಗೆ ಫೋನ್ ಮಾಡಿ ತಿಳಿಸಿದಾಗ ಅವರ ದನಿ ಮೊದಲ ಬಾರಿಗೆ ಗಡುಸಾಯಿತು. ‘ವರದಿಗೆ ಕಾಯಬಾರದು. ವರದಿಯಲ್ಲಿ ಇಲ್ಲ ಅಂತ ಬಂದರೆ ಲಸಿಕೆ ನಿಲ್ಲಿಸಬಹುದು. ತಡವಾಗಿ ಹೌದು ಅಂತ ಬಂದರೆ ಹೋದ ದಿನಗಳನ್ನು ಯಾರೂ ತಂದುಕೊಡಲ್ಲ. ನಾಳೆ ಬೆಳಿಗ್ಗೆ ಹಾಸನಕ್ಕೆ ಹೋಗಿ. ಯಜಮಾನರೂ ಹೋಗಲಿ’ ಎಂದರು.

ಮಂಗಳವಾರ ಮೊದಲ ಬಸ್ಸಿಗೆ ಬೇಲೂರಿಗೆ ಬಂದು, ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನಕ್ಕೆ ಹೋದೆವು. ದೊಡ್ಡಾಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ನಾಯಿ ಕಡಿತದ ಲಸಿಕೆ ಹಾಕುವ ಕೊಠಡಿಯ ಮುಂದೆ ಕುಳಿತಾಗ ಒಂಬತ್ತೂವರೆ. ನಮಗಿಂತ ಮುಂದೆ ಹನ್ನೆರಡು ಜನರಿದ್ದರು. ಅಷ್ಟು ಜನರಲ್ಲಿ ದೊಡ್ಡ ಗಾಯವಿದ್ದದ್ದು ಒಬ್ಬರಿಗೆ ಮಾತ್ರ. ಉಳಿದವರದೆಲ್ಲ ಬಟ್ಟೆ ಸರಿಸಿ ತೋರಿಸಿದರಷ್ಟೇ ಕಾಣುವಂಥ ಗಾಯಗಳು, ಬಹುತೇಕರು ಮನೆಯವರ ಒತ್ತಾಯಕ್ಕೆ ಬಂದವರು.

ವೈದ್ಯೆ ಚಿಕ್ಕ ವಯಸ್ಸಿನವರು. ಪಶುವೈದ್ಯರ ಚೀಟಿಯನ್ನು ಎರಡು ಸಲ ಓದಿದರು. ನನ್ನ ಕೈಯನ್ನು ದೀಪದ ಕೆಳಗೆ ಹಿಡಿದು, ಗೆಣ್ಣಿನ ಸುತ್ತ ಒತ್ತಿ, ಚರ್ಮ ಸೀಳಿದೆಯೇ ಎಂದು ನೋಡಿದರು. ಯಾವ ಪ್ರಾಣಿ, ಎಷ್ಟು ದೊಡ್ಡ ಗಾಯ ಎಂಬುದಕ್ಕಿಂತ ಆ ಪ್ರಾಣಿಯ ಜೊಲ್ಲು ಹಸಿ ಗಾಯಕ್ಕೆ ಸೇರಿದೆಯೇ ಎಂಬುದೇ ತಮಗೆ ಮುಖ್ಯವೆಂದು ಹೇಳಿ, ವಿಶ್ವ ಆರೋಗ್ಯ ಸಂಸ್ಥೆಯ ಮೂರು ವರ್ಗಗಳನ್ನು ನಮ್ಮ ಮನೆಯವರನ್ನೇ ಒಬ್ಬೊಬ್ಬರಾಗಿ ಹೆಸರಿಸಿ ವಿವರಿಸಿದರು. ಅತ್ತೆಯವರು ಹಾಲು ಕರೆದಿದ್ದಾರೆ, ಮೈ ಸವರಿದ್ದಾರೆ. ಕೈಯಲ್ಲಿ ಗಾಯವಿಲ್ಲ, ಜೊಲ್ಲು ಬಾಯಿಗಾಗಲಿ ಕಣ್ಣಿಗಾಗಲಿ ಸಿಡಿದಿಲ್ಲ. ಇದು ಒಂದನೆಯ ವರ್ಗ, ಲಸಿಕೆ ಬೇಡ. ರಕ್ತ ಬಾರದ ತರಚು, ಬರಿ ಚರ್ಮವನ್ನು ಮೆಲ್ಲಗೆ ಕಡಿದದ್ದು ಎರಡನೆಯದು, ಲಸಿಕೆ ಬೇಕು. ಚರ್ಮ ಸೀಳಿ ರಕ್ತ ಬಂದ ಕಡಿತ ಅಥವಾ ಪರಚು, ಗಾಯವಿದ್ದ ಜಾಗವನ್ನು ಪ್ರಾಣಿ ನೆಕ್ಕಿದ್ದು, ಕಣ್ಣು, ಬಾಯಿಗೆ ಜೊಲ್ಲು ತಗಲಿದ್ದು ಮೂರನೆಯದು. ಇದಕ್ಕೆ ಲಸಿಕೆಯ ಜೊತೆಗೆ ಸೀರಂ ಕೂಡ. ನನ್ನ ಅಕ್ಕಿಕಾಳಿನಷ್ಟು ಗಾಯ ಮೂರನೆಯ ವರ್ಗಕ್ಕೆ ಸೇರಿತು. ಮನೆಯವರಿಗೆ ಹಸು ಕಚ್ಚಿಯೇ ಇರಲಿಲ್ಲ. ಆದರೆ ಹಿಂದಿನ ವಾರ ಮರಗಸಿ ಮಾಡುವಾಗ ಕತ್ತಿ ತಾಗಿ ಅಂಗೈಯಲ್ಲಿ ಆಗಿದ್ದ ಗಾಯ ಇನ್ನೂ ಹಸಿಯಾಗಿತ್ತು, ಮೂಗುದಾರ ಹಿಡಿದಾಗ ಆ ಕೈಯ ಮೇಲೆ ಜೊಲ್ಲು ಹರಿದಿತ್ತು. ‘ಇವರದ್ದೂ ಮೂರನೆಯದೇ’ ಎಂದು ವೈದ್ಯೆ ಬರೆದುಕೊಂಡರು. ಪಶುವೈದ್ಯರು ಯಜಮಾನರೂ ಹೋಗಲಿ ಎಂದದ್ದೇಕೆಂದು ಆಗ ಅರ್ಥವಾಯಿತು.

ನಾಯಿ ಅಥವಾ ಬೆಕ್ಕು ಕಚ್ಚಿದರೆ ಆ ಪ್ರಾಣಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಿ, ಅದು ಆರೋಗ್ಯವಾಗಿಯೇ ಇದ್ದರೆ ಮುಂದಿನ ಲಸಿಕೆಗಳ ಬಗ್ಗೆ ಯೋಚಿಸಬಹುದು ಎಂಬ ಮಾತನ್ನು ನಾನು ಕೇಳಿದ್ದೆ. ಆ ಹತ್ತು ದಿನದ ಲೆಕ್ಕ ನಾಯಿಗೂ ಬೆಕ್ಕಿಗೂ ಮಾತ್ರ. ಹಸು, ಕೋತಿ, ನರಿ, ಮುಂಗುಸಿಗೆ ಅದು ಹೊಂದುವುದಿಲ್ಲ ಎಂದು ವೈದ್ಯೆ ಹೇಳಿದರು. ನಾಯಿ, ಬೆಕ್ಕಿನ ವಿಷಯದಲ್ಲಿಯೂ ಹತ್ತು ದಿನ ಕಳೆಯಲಿ ಎಂದು ಕಾಯುವಂತಿಲ್ಲ. ಮೊದಲ ದಿನವೇ ಲಸಿಕೆ ಆರಂಭಿಸಿ, ಆಮೇಲೆ ಪ್ರಾಣಿಯ ಮೇಲೆ ಕಣ್ಣಿಡಬೇಕು.

ಲಸಿಕೆಯದು ಕಷ್ಟವೇನಿರಲಿಲ್ಲ. ಎರಡೂ ತೋಳುಗಳ ಮೇಲ್ಭಾಗದಲ್ಲಿ, ಚರ್ಮದ ಪದರದೊಳಗೇ, ಒಂದೊಂದು ಕಡೆ 0.1 ಮಿಲಿಲೀಟರ್. ಸೂಜಿ ತೆಗೆದಾಗ ತೊಗರಿಕಾಳಿನಷ್ಟು ಉಬ್ಬು ಎದ್ದು, ಅದರ ಮೇಲಿನ ರೋಮದ ರಂಧ್ರಗಳು ಕಿತ್ತಳೆ ಸಿಪ್ಪೆಯಲ್ಲಿರುವಂತೆ ಎದ್ದು ಕಂಡವು. ಉಬ್ಬು ಬಂದರೇ ಮದ್ದು ಸರಿಯಾದ ಪದರಕ್ಕೆ ಹೋಗಿದೆ ಎಂದು ಅರ್ಥವೆಂದು ಹೇಳಿದ ನರ್ಸಮ್ಮ, ಹೀಗೆ ಚರ್ಮದೊಳಗೆ ಹಾಕುವ ಕ್ರಮದಲ್ಲಿ ನಾಲ್ಕು ದಿನ ಬರಬೇಕು, ಸ್ನಾಯುವಿಗೆ ಹಾಕುವ ಕ್ರಮದಲ್ಲಾದರೆ ಐದು, ಯಾವುದರಲ್ಲಿ ಶುರು ಮಾಡಿದ್ದೀರೋ ಅದರಲ್ಲೇ ಮುಗಿಸಿ ಎಂದು ಕಾರ್ಡಿನಲ್ಲಿ ತಾರೀಖುಗಳನ್ನು ಬರೆದುಕೊಟ್ಟರು. ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಮೊದಲ ಚುಚ್ಚುಮದ್ದಿನ ದಿನ ಒಂದನೆಯ ದಿನವಲ್ಲ, ಸೊನ್ನೆಯ ದಿನ. ಅಲ್ಲಿಂದ 3, 7 ಮತ್ತು 28. ಸೊನ್ನೆ ಮಂಗಳವಾರವಾದರೆ 7 ಮತ್ತು 28 ಕೂಡ ಮಂಗಳವಾರವೇ, 3 ಶುಕ್ರವಾರ. ವಾರ ನೆನಪಿಟ್ಟುಕೊಂಡರೆ ತಾರೀಖು ತಪ್ಪುವುದಿಲ್ಲ.

ಕಷ್ಟವಾದದ್ದು ಸೀರಂ. ಲಸಿಕೆ ಹಾಕಿದ ಕೂಡಲೇ ದೇಹದಲ್ಲಿ ರಕ್ಷಣೆ ಹುಟ್ಟುವುದಿಲ್ಲ. ಪ್ರತಿಕಾಯಗಳು ಮೂಡಲು ವಾರವಾದರೂ ಬೇಕು. ಆ ನಡುವಿನ ದಿನಗಳಲ್ಲಿ ಗಾಯದಲ್ಲಿ ಕುಳಿತಿರುವ ವೈರಸ್ಸನ್ನು ಅಲ್ಲೇ ತಡೆಯಲು, ಬೇರೆಡೆ ತಯಾರಾದ ಪ್ರತಿಕಾಯಗಳನ್ನು ನೇರವಾಗಿ ಗಾಯದೊಳಕ್ಕೂ ಸುತ್ತಲೂ ತುಂಬುತ್ತಾರೆ. ಇದನ್ನು ಮೊದಲ ಲಸಿಕೆಯ ದಿನವೇ ಕೊಡಬೇಕು, ತಪ್ಪಿದರೆ ಏಳು ದಿನದೊಳಗೆ. ಆಮೇಲೆ ದೇಹ ತಾನೇ ತಯಾರಿಸಲು ತೊಡಗಿರುವುದರಿಂದ ಕೊಡುವುದಿಲ್ಲ. ನನಗೆ ಹಾಕಿದ್ದು ಕುದುರೆಯ ರಕ್ತದಿಂದ ತಯಾರಾದದ್ದು. ದೇಹತೂಕದ ಪ್ರತಿ ಕಿಲೋಗೆ 40 ಯೂನಿಟ್‌ನಂತೆ 58 ಕಿಲೋ ತೂಕದ ನನಗೆ ಹೆಚ್ಚೆಂದರೆ 2,320 ಯೂನಿಟ್, ಅಂದರೆ ಎಂಟು ಮಿಲಿಲೀಟರಿಗೆ ಸ್ವಲ್ಪ ಕಡಿಮೆ. ಬೆರಳಿನಲ್ಲಿ ಅಷ್ಟಕ್ಕೆ ಜಾಗವಿಲ್ಲ. ಗಾಯ ಹಿಡಿಯುವಷ್ಟನ್ನೇ ಹಾಕುತ್ತಾರೆ. ಮೈಗೆ ಒಗ್ಗದಿದ್ದರೆ ಎಂದು ಅದರ ಮದ್ದನ್ನೂ ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲಿಟ್ಟುಕೊಂಡಿದ್ದರು.

ವೈದ್ಯೆ ನನ್ನ ಎದುರು ಕುಳಿತು, ನನ್ನ ಕೈಯನ್ನು ತಮ್ಮ ಮೊಣಕಾಲಿನ ಮೇಲಿನ ಟವೆಲ್ಲಿನಲ್ಲಿ ಇಟ್ಟುಕೊಂಡರು. ಮೊದಲು ಮುಂಗೈಯ ಗೆರೆಯ ಉದ್ದಕ್ಕೂ ಮೂರು ಕಡೆ. ಅದನ್ನು ತಡೆದುಕೊಂಡೆ. ಗೆಣ್ಣಿನೊಳಕ್ಕೆ ಸೂಜಿ ಹೋದಾಗ ಮಾತ್ರ ಕಣ್ಣು ಕತ್ತಲಿಟ್ಟಿತು. ಅವರು ಅವಸರ ಮಾಡಲಿಲ್ಲ. ಬೆರಳಿಗೆ ಒತ್ತಡ ಹೆಚ್ಚಾದರೆ ರಕ್ತ ಓಡುವುದು ನಿಲ್ಲುತ್ತದೆಂದು ಎರಡೆರಡು ಹನಿಯಂತೆ ಒತ್ತುತ್ತ, ನಡುವೆ ಉಗುರನ್ನು ಅದುಮಿ ಬಿಟ್ಟು, ಕೆಂಪು ಮತ್ತೆ ಬರುತ್ತದೆಯೇ ಎಂದು ನೋಡುತ್ತಿದ್ದರು. ಬೆರಳು ನೆನೆಹಾಕಿದ ಕಡಲೆಯಂತೆ ಉಬ್ಬಿ ಬಿಳಿಚಿಕೊಂಡಿತು. ಗಾಯದ ಬಾಯಿಂದ ಸೀರಂ ಒಂದು ತೊಟ್ಟು ಹೊರಗೆ ಒಸರಿದಾಗ, ‘ಸಾಕು, ಗಾಯದ ತಳದವರೆಗೂ ತುಂಬಿದೆ’ ಎಂದರು. ಆಮೇಲೆ ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂರಿಸಿದರು. ಇಂಥ ಗಾಯಕ್ಕೆ ಹೊಲಿಗೆ ಹಾಕುವುದಿಲ್ಲ, ಬಿಗಿಯಾಗಿ ಕಟ್ಟುವುದೂ ಇಲ್ಲ.

ಆ ಬೆಂಚಿನ ಮೇಲೆ ಕುಳಿತು ಕೇಳಿದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿಗೆ ಸಾಕಿದ ಬೆಕ್ಕೇ ಹಿಂದಿನ ದಿನ ಹೆಬ್ಬೆರಳ ಬುಡಕ್ಕೆ ಕಚ್ಚಿತ್ತು. ಮೇಲೆ ಕಾಣುತ್ತಿದ್ದದ್ದು ಸೂಜಿ ಚುಚ್ಚಿದಂಥ ಎರಡು ತೂತುಗಳು, ಕೈ ಮಾತ್ರ ಮಣಿಕಟ್ಟಿನವರೆಗೆ ಕೆಂಪಾಗಿ ಊದಿತ್ತು. ಬೆಕ್ಕಿನ ಹಲ್ಲು ಸಣ್ಣಗೆ ಚೂಪಾಗಿರುವುದರಿಂದ ಅದರ ಬಾಯಿಯ ಬ್ಯಾಕ್ಟೀರಿಯಾಗಳನ್ನು ಆಳಕ್ಕೆ ಇಳಿಸಿಬಿಡುತ್ತದೆ, ಮೇಲಿನ ತೂತು ಬೇಗ ಮುಚ್ಚಿಕೊಂಡು ಕೀವು ಒಳಗೇ ಉಳಿಯುತ್ತದೆ, ಆದ್ದರಿಂದ ಆಕೆಗೆ ಲಸಿಕೆ ಮತ್ತು ಸೀರಂ ಜೊತೆಗೆ ಆ್ಯಂಟಿಬಯಾಟಿಕ್ ಮಾತ್ರೆಯೂ ಬೇಕು ಎಂದರು. ಬೆಕ್ಕು, ಅದರಲ್ಲೂ ಮರಿಗಳು ಪರಚಿದ ಎಷ್ಟೋ ದಿನದ ಮೇಲೆ ಕಂಕುಳಿನಲ್ಲಿ ಗಂಟು ಎದ್ದು ಜ್ವರ ಬರುವ ಬೇರೊಂದು ಕಾಯಿಲೆಯೂ ಇದೆಯಂತೆ. ಜ್ವರವೆಂದು ತೋರಿಸಲು ಹೋದವರು ಬೆಕ್ಕು ಪರಚಿದ್ದನ್ನು ಹೇಳದಿದ್ದರೆ ವೈದ್ಯರಿಗೆ ಅದರ ಜಾಡು ಸಿಗುವುದು ಕಷ್ಟ. ಇನ್ನೊಬ್ಬರು ಸಕಲೇಶಪುರದ ಕಡೆಯ ತೋಟದ ಕೆಲಸಗಾರರು, ಕೋತಿ ಕಚ್ಚಿಸಿಕೊಂಡವರು. ಅವರಿಗೆ ತಮಗೆ ಮಂಗನ ಕಾಯಿಲೆ ಬಂತೆಂಬ ಭಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಆ ಜ್ವರ ಹರಡುವುದು ಉಣ್ಣೆಯ ಕಡಿತದಿಂದ, ಕೋತಿಯ ಹಲ್ಲಿನಿಂದಲ್ಲ. ಕೋತಿ ಕಚ್ಚಿದಾಗ ಯೋಚಿಸಬೇಕಾದದ್ದು ರೇಬೀಸನ್ನು ಎಂದು ನರ್ಸಮ್ಮ ಅವರಿಗೆ ಎರಡೆರಡು ಸಲ ಬಿಡಿಸಿ ಹೇಳಿದರು.

ನಾವು ಮನೆ ಸೇರುವಷ್ಟರಲ್ಲಿ ಹಾಲಿನ ಸುದ್ದಿ ಬೀದಿಯಲ್ಲೆಲ್ಲ ಹಬ್ಬಿತ್ತು. ಶುಕ್ರವಾರದವರೆಗೆ ನಮ್ಮ ಹಾಲು ಡೈರಿಗೆ ಹೋಗಿತ್ತು, ಶನಿವಾರ ಬೆಳಗಿನ ಅರ್ಧ ಲೀಟರು ಪಕ್ಕದ ಮನೆಗೆ ಹೋಗಿತ್ತು. ಇಡೀ ಬೀದಿಯವರು ಲಸಿಕೆ ಹಾಕಿಸಿಕೊಳ್ಳಬೇಕೆಂದು ಕೆಲವರು, ಹಾಲು ಕೊಟ್ಟವರು ಮೊದಲೇ ಹೇಳಬಾರದಿತ್ತೇ ಎಂದು ಕೆಲವರು. ಅವರ ಕೋಪಕ್ಕೆ ಕಾರಣವಿತ್ತು, ಮನೆಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ನಾನು ವೈದ್ಯೆಯನ್ನು ಇದನ್ನು ಕೇಳಿಕೊಂಡೇ ಬಂದಿದ್ದೆ. ಕಾಯಿಸಿದ ಹಾಲಿನಲ್ಲಿ ಈ ವೈರಸ್ಸು ಉಳಿಯುವುದಿಲ್ಲ. ಡೈರಿಯಲ್ಲಿ ಹಾಲನ್ನು ಪಾಶ್ಚರೀಕರಿಸುವಾಗ 72 ಡಿಗ್ರಿಯ ಶಾಖದಲ್ಲಿ 15 ಸೆಕೆಂಡು ಇಡುತ್ತಾರೆ. ಕಾಯಿಸಿದ ಹಾಲು, ಮೊಸರು, ಕಾಫಿ ಕುಡಿದವರಿಗೆ ಲಸಿಕೆ ಬೇಕಿಲ್ಲ. ಹಾಗಿದ್ದರೂ ಶಂಕೆಯಿರುವ ಹಸುವಿನ ಹಾಲನ್ನು ಕರೆದು ಬಳಸಬಾರದು, ಕಾಯಿಸದ ಹಾಲು ಕುಡಿದವರು ಯಾರಾದರೂ ಇದ್ದರೆ ತಮ್ಮ ಬಳಿ ಕಳುಹಿಸಿ ಎಂದಿದ್ದರು. ಅತ್ತೆಯವರು ಮನೆಮನೆಗೆ ಹೋಗಿ ಕೇಳಿ ಬಂದರು. ಎಲ್ಲರೂ ಕಾಯಿಸಿಯೇ ಕುಡಿದಿದ್ದರು.

ಗೌರಿ ಬುಧವಾರ ಬೆಳಗಿನ ಜಾವ ಸತ್ತಿತು. ಪಶುವೈದ್ಯರೂ ಅವರ ಸಹಾಯಕರೂ ಕೈಗವಸು, ಕನ್ನಡಕ, ಗಂಬೂಟು ಹಾಕಿಕೊಂಡು ಬಂದು, ತಲೆಬುರುಡೆಯ ಹಿಂಭಾಗದ ರಂಧ್ರದ ಮೂಲಕ ಮಿದುಳಿನ ಚೂರನ್ನು ತೆಗೆದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಕಳುಹಿಸಿದರು. ಅವರಿಬ್ಬರೂ ಕೆಲಸಕ್ಕೆ ಸೇರುವಾಗಲೇ ಲಸಿಕೆ ಹಾಕಿಸಿಕೊಂಡವರು. ತೋಟದ ಮೂಲೆಯಲ್ಲಿ, ಹಳ್ಳದಿಂದ ದೂರದಲ್ಲಿ, ಆಳದ ಗುಂಡಿ ತೆಗೆಸಿ ಸುಣ್ಣ ಹಾಕಿ ಹೂತೆವು. ಚರ್ಮ ಸುಲಿಯಲು ಯಾರಿಗೂ ಕೊಡಲಿಲ್ಲ. ಗೊಂತನ್ನೂ ಬಾನಿಯನ್ನೂ ಮನೆಯವರು ಕೈಗವಸು ಹಾಕಿಕೊಂಡು ಸೋಪಿನ ನೀರಿನಿಂದ ತಿಕ್ಕಿ ತೊಳೆದರು. ಆ ಗೊಟ್ಟವನ್ನು ಒಲೆಗೆ ಹಾಕಿದೆ.

ಅತ್ತೆಯವರಿಗೆ ಅಷ್ಟರಲ್ಲಿ ಹಳೆಯ ಭಯವೊಂದು ಎದ್ದಿತ್ತು. ಅವರ ತಮ್ಮನಿಗೆ ಚಿಕ್ಕಂದಿನಲ್ಲಿ ಹುಚ್ಚುನಾಯಿ ಕಚ್ಚಿದಾಗ ಹೊಕ್ಕುಳ ಸುತ್ತ ಹದಿನಾಲ್ಕು ದಿನ ಚುಚ್ಚಿದ್ದರಂತೆ. ಆತ ಹೊಟ್ಟೆ ಹಿಡಿದುಕೊಂಡು ಗೋಳಾಡಿದ್ದು ಅವರ ಕಣ್ಣಿಗೆ ಕಟ್ಟಿದಂತಿದೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆ, ನಮ್ಮ ದೇಶದಲ್ಲಿ ಅದನ್ನು ಕೈಬಿಟ್ಟು ಎರಡು ದಶಕವಾಯಿತು. ಈಗಿನದು ಪ್ರಯೋಗಾಲಯದಲ್ಲಿ ಜೀವಕೋಶಗಳಲ್ಲಿ ಬೆಳೆಸಿದ್ದು, ತೋಳಿಗೆ ಹಾಕುವಂಥದ್ದು. ಇಂಥ ಹಳೆಯ ನೆನಪೇ ಎಷ್ಟೋ ಮನೆಗಳಲ್ಲಿ ಮಕ್ಕಳು ನಾಯಿ ಪರಚಿದ್ದನ್ನು ಹೇಳದೆ ಮುಚ್ಚಿಡುವಂತೆ ಮಾಡಿದೆ ಎಂದು ನನಗೆ ಅನ್ನಿಸುತ್ತದೆ. ಪಥ್ಯದ ವಿಷಯದಲ್ಲಿಯೂ ಹೀಗೆಯೇ. ಹಲಸು ತಿನ್ನಬಾರದು, ಮೊಟ್ಟೆ ಮುಟ್ಟಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು ಎಂದು ಅತ್ತೆಯವರು ಪಟ್ಟಿಯನ್ನೇ ಹೇಳಿದರು. ಯಾವ ಪಥ್ಯವೂ ಇಲ್ಲವೆಂದು ವೈದ್ಯೆ ಸ್ಪಷ್ಟವಾಗಿ ಹೇಳಿದ್ದರೂ ಅವರ ಮನಸ್ಸಿನ ನೆಮ್ಮದಿಗಾಗಿ ಹಲಸನ್ನು ಮಾತ್ರ ಬಿಟ್ಟೆ. ಆ ವರ್ಷ ನನಗೂ ಹಲಸು ಬೇಕೆನಿಸಲಿಲ್ಲ.

ಹಗಲು ಶಾಲೆ, ತೋಟ, ಬಸ್ಸು ಎಂದು ಕಳೆಯುತ್ತಿತ್ತು. ರಾತ್ರಿ ಮಾತ್ರ ಕಷ್ಟವಾಗುತ್ತಿತ್ತು. ಈ ರೋಗ ಲಕ್ಷಣ ತೋರಿಸಿದ ಮೇಲೆ ಔಷಧವಿಲ್ಲ, ಬದುಕುವವರಿಲ್ಲವೆಂದೇ ಹೇಳಬೇಕು. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ವರ್ಷ ಕಳೆದ ಮೇಲೆಯೂ. ಇದು ತಿಳಿದಿದ್ದವಳು ಬೆರಳು ಸ್ವಲ್ಪ ಜುಮ್ಮೆಂದರೂ ಎದ್ದು ಕೂರುತ್ತಿದ್ದೆ. ಅಡುಗೆಮನೆಗೆ ಹೋಗಿ ಲೋಟಕ್ಕೆ ನೀರು ಬಗ್ಗಿಸಿಕೊಂಡು, ಗಂಟಲಿಗೆ ಸರಾಗವಾಗಿ ಇಳಿಯುತ್ತದೆಯೇ ಎಂದು ಗುಟುಕು ಗುಟುಕಾಗಿ ಕುಡಿದು ನೋಡಿ, ಬಂದು ಮಲಗುತ್ತಿದ್ದೆ. ಒಂದು ರಾತ್ರಿ ಅಲ್ಲಿಗೆ ಹೋದಾಗ ಮನೆಯವರು ಆಗಲೇ ಕೈಯಲ್ಲಿ ಲೋಟ ಹಿಡಿದು ನಿಂತಿದ್ದರು. ಇಬ್ಬರೂ ಏನೂ ಮಾತಾಡಲಿಲ್ಲ. ನನಗೂ ಒಂದು ಲೋಟ ಬಗ್ಗಿಸಿಕೊಟ್ಟರು.

ಏಳನೆಯ ದಿನ, ಮಂಗಳವಾರ, ಮೂರನೆಯ ಸಲದ ಲಸಿಕೆಗಾಗಿ ಹಾಸನದ ಬಸ್ಸಿನಲ್ಲಿದ್ದಾಗ ಪಶುವೈದ್ಯರ ಫೋನು ಬಂತು. ಮಿದುಳಿನ ಮಾದರಿಯಲ್ಲಿ ರೇಬೀಸ್ ಇರುವುದು ಖಚಿತವಾಗಿತ್ತು. ಹಳೇಬೀಡಿನ ರಸ್ತೆ ಕವಲೊಡೆಯುವ ಜಾಗ ಆಗಷ್ಟೇ ಹಿಂದೆ ಸರಿದಿತ್ತು. ವರದಿ ಬರಲಿ ಎಂದು ಮನೆಯಲ್ಲಿ ಕುಳಿತಿದ್ದರೆ ಅಂದು ನಮ್ಮ ಸೊನ್ನೆಯ ದಿನವಾಗುತ್ತಿತ್ತು. ಇಬ್ಬರ ಗಾಯಗಳೂ ಸೀರಂ ಇಲ್ಲದೆ ಒಂಬತ್ತು ದಿನ ಕಳೆದಿರುತ್ತಿದ್ದವು.

ಕರುವಿನ ವಿಷಯ ಹೇಳದೆ ಇದು ಮುಗಿಯುವುದಿಲ್ಲ. ಗೌರಿ ಕಾಯಿಲೆಯಲ್ಲಿಯೂ ಅದನ್ನು ನೆಕ್ಕಿತ್ತು. ಕರುವಿನ ಕಿವಿಯ ಬಳಿ ಹಗ್ಗ ಉಜ್ಜಿದ ಗಾಯವಿತ್ತು. ಪಶುವೈದ್ಯರು ಅದನ್ನು ತೊಳೆಸಿ, ನಮ್ಮ ಸೊನ್ನೆಯ ದಿನವೇ ಅದಕ್ಕೂ ಲಸಿಕೆ ಆರಂಭಿಸಿದರು. ಅದರ ಲೆಕ್ಕ 0, 3, 7, 14, 28. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಮ್ಮ ದಿನಗಳಿಗೆ ಕೆಂಪು ಸುತ್ತು, ಕರುವಿನ ದಿನಗಳಿಗೆ ನೀಲಿ ಸುತ್ತು ಹಾಕಿದ್ದೆ. ಹದಿನಾಲ್ಕನೆಯ ದಿನ ಮಾತ್ರ ನೀಲಿ ಒಂದೇ ಇತ್ತು. ಬೇರೆ ಕಟ್ಟಿ, ಯಾರೂ ಬಾಯಿಗೆ ಕೈ ಕೊಡದೆ, ಬಕೆಟ್ಟಿನಲ್ಲಿ ಹಾಲು ಕುಡಿಸಿ ತಿಂಗಳುಗಟ್ಟಲೆ ನೋಡಿದೆವು.

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಏಳಕ್ಕೆ ಪಶುವೈದ್ಯರು ಬಂದು ಕರುವಿನ ಕೊನೆಯ ಚುಚ್ಚುಮದ್ದು ಹಾಕಿದರು. ಹನ್ನೊಂದಕ್ಕೆ ಹಾಸನದಲ್ಲಿ ನಮ್ಮದಾಯಿತು. ಮತ್ತೊಮ್ಮೆ ಯಾವುದಾದರೂ ಪ್ರಾಣಿ ಕಚ್ಚಿದರೆ ಸೀರಂ ಬೇಕಾಗುವುದಿಲ್ಲ, 0 ಮತ್ತು 3ನೇ ದಿನದ ಎರಡು ಸಲದ ಲಸಿಕೆ ಸಾಕು, ಆದರೆ ಅದಕ್ಕೆ ಈ ಕಾರ್ಡು ತೋರಿಸಬೇಕು ಎಂದು ನರ್ಸಮ್ಮ ಎರಡು ಕಾರ್ಡುಗಳಿಗೂ ಸೀಲು ಒತ್ತಿ ಕೊಟ್ಟರು. ಅವು ಈಗ ರೇಷನ್ ಕಾರ್ಡು, ತೋಟದ ಪಹಣಿ ಇರುವ ಟ್ರಂಕಿನಲ್ಲಿವೆ. ಕರುವಿನ ಚೀಟಿಯೂ ಅಲ್ಲೇ ಇದೆ.